ತುರಾಯಿ ಗಿಡದ ಮೂರು ಹೆಸರು

ಎಂ.ಎ. ಓದುವಾಗ ಬಳಗಾನೂರಿನ ನಮ್ಮ ಶಾಲೆಯ ಅಂಗಳದ ಬಗ್ಗೆ ಒಂದು ಪದ್ಯ ಬರೆದಿದ್ದೆ. ಕೆಂಪು ಗುಲ್‌ಮೊಹರ್, ಬೇಸಗೆ ರಜೆ, ದೂರವಾದ ಗೆಳತಿ ಎಲ್ಲವೂ ಅದರಲ್ಲಿದ್ದವು. ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಗುಲ್‌ಮೊಹರ್ ಅಂದ್ರ ಯಾವ ಗಿಡ ತಮ್ಮಾ? ನಿಮ್ಮ ಸಾಲ್ಯಾಗ ಅಂಥದ್ದು ಎಲ್ಲಿತ್ತು?" ಅಂದಳು. ಹೂವಿನ ಬಣ್ಣ ಹೇಳಿದೆ, ಎಲೆ ಹೇಳಿದೆ. ಗುರುತು ಹತ್ತಲಿಲ್ಲ. ಕಡೆಗೆ ಮೊಳದುದ್ದದ ಕರಿ ಕಾಯಿ ಅಂದಾಗ ನಕ್ಕಳು. "ಕತ್ತಿಕಾಯಿ ಗಿಡ ಅನ್ನು ಮತ್ತ! ಆ ಕಾಯಿ ಹಿಡ್ಕೊಂಡು ಹೊಡದಾಡಿ ಹಣಿ ಒಡಕೊಂಡು ಬಂದಿದ್ದಿ. ಅದನ್ನ ಬರದೇ ಇಲ್ಲಲ್ಲ."

ಅದು ಆ ಪದ್ಯಕ್ಕೆ ಬಂದ ಮೊದಲ ವಿಮರ್ಶೆ. ಪದ್ಯದ ಗೆಳತಿ ನಿಜದಲ್ಲಿ ಇರಲೇ ಇಲ್ಲ. ಗುಲ್‌ಮೊಹರ್ ಎಂಬ ಪದವೇ ಅವಳನ್ನು ಕರೆತಂದಿತ್ತು. ಸಿನಿಮಾ ಹಾಡುಗಳಲ್ಲಿ, ಕಾಲೇಜು ದಿನಗಳ ಕವಿತೆಗಳಲ್ಲಿ ಆ ಪದದ ಹಿಂದೆ ವಿರಹ ಎಷ್ಟು ಸಲ ಬಂದಿದೆಯೆಂದರೆ, ಪದ ಬರೆದ ಕೂಡಲೇ ಭಾವವೂ ಬಂದು ಕೂರುತ್ತದೆ. ಅಂದಿನಿಂದ ಮರದ ಹೆಸರಿರುವ ಯಾವ ಕವಿತೆ ಓದಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬರೆದವರು ಈ ಮರದ ಯಾವ ಭಾಗವನ್ನು ಕಂಡಿದ್ದಾರೆ?

ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ 'ಗಿಡ'ವೇ. ಈ ಗಿಡಕ್ಕೆ ನಾನು ಕೇಳಿದ ಹೆಸರುಗಳು ಮೂರು. ಗುಲ್‌ಮೊಹರ್‌ನಲ್ಲಿ ಗುಲ್ ಎಂದರೆ ಹೂ. ಉಳಿದರ್ಧವನ್ನು ಕೆಲವರು ಮೋಹರು ಎಂದು, ಕೆಲವರು ಮೋರ್, ಅಂದರೆ ನವಿಲು ಎಂದು ಬಿಡಿಸುತ್ತಾರೆ. ಕನ್ನಡದ ಪುಸ್ತಕಗಳಲ್ಲಿ ಇದು ಕೆಂಪು ತುರಾಯಿ. ತುರಾಯಿ ಎಂದರೆ ರುಮಾಲಿಗೆ ಸಿಕ್ಕಿಸುವ ಕುಚ್ಚು. ಲಾವಣಿ ಹಾಡುವವರಲ್ಲಿ ಕಲ್ಗಿ–ತುರಾಯಿ ಎಂಬ ಎರಡು ಪಂಗಡಗಳೇ ಇವೆ. ಹಾಗಾಗಿ ಈ ಹೆಸರು ಕಿವಿಗೆ ಬಿದ್ದರೆ ವಿರಹಕ್ಕಿಂತ ಮೊದಲು ಮದುಮಗನೋ ಹಾಡುಗಾರನೋ ಕಣ್ಣಿಗೆ ಬರುತ್ತಾನೆ. ಮೂರನೆಯದು ಅವ್ವನ ಕತ್ತಿಕಾಯಿ. ಹೂವಿರುವುದು ಬೇಸಗೆಯ ಕೆಲವು ವಾರ. ಕಾಯಿ ತಿಂಗಳುಗಟ್ಟಲೆ ಗಿಡದಲ್ಲೇ ಜೋತಾಡುತ್ತಿರುತ್ತದೆ. ಹಳದಿ ಹೂವಿನ ಪೆಲ್ಟೊಫೋರಂನ ಎಲೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಆದರೆ ಅದರ ಕಾಯಿ ತಾಮ್ರದ ಬಣ್ಣದ್ದು, ಬೆರಳುದ್ದದ್ದು. ಹೂವಿಲ್ಲದ ದಿನಗಳಲ್ಲಿ ಗುರುತು ಹಿಡಿಯಲು ಅವ್ವನ ಹೆಸರೇ ಹೆಚ್ಚು ಉಪಯೋಗದ್ದು.

ಇನ್ನು ಶಾಸ್ತ್ರದ ಹೆಸರು. ಮೊಬೈಲಿನಲ್ಲಿ ಫೋಟೊ ಹಿಡಿದರೆ ಕ್ಷಣದಲ್ಲಿ ಬರುತ್ತದೆ: ಡೆಲೊನಿಕ್ಸ್ ರೀಜಿಯಾ, ಮೂಲ ಮಡಗಾಸ್ಕರ್. ಅಷ್ಟು ಓದಿ ಮುಚ್ಚಿಟ್ಟಿದ್ದರೆ ನನಗೇನೂ ಸಿಗುತ್ತಿರಲಿಲ್ಲ. ಹೆಸರನ್ನು ಬಿಡಿಸಿ ನೋಡಿದೆ. ಗ್ರೀಕಿನಲ್ಲಿ ಡೆಲೋಸ್ ಎಂದರೆ ಎದ್ದು ಕಾಣುವ, ಓನಿಕ್ಸ್ ಎಂದರೆ ಉಗುರು. ಈ ಹೂವಿನ ದಳದ ಬುಡ ಉದ್ದಕ್ಕೆ, ಸಪೂರವಾಗಿರುತ್ತದೆ. ಸಸ್ಯಶಾಸ್ತ್ರಜ್ಞರು ಅದನ್ನು ಉಗುರು ಅನ್ನುತ್ತಾರೆ. ಓದುತ್ತಿದ್ದಂತೆ ಶಾಲೆಯ ಅಂಗಳ ಎದುರು ಬಂತು. ಮೊಗ್ಗು ಬಿಡಿಸಿ, ಹೊರಗೆ ಹಸಿರು ಒಳಗೆ ಕೆಂಪು ಇರುವ ಐದು ಪುಷ್ಪಪತ್ರಗಳನ್ನು ಉಗುಳು ಹಚ್ಚಿ ಬೆರಳಿಗೆ ಅಂಟಿಸಿಕೊಂಡು ನಾವು ದೆವ್ವವಾಗುತ್ತಿದ್ದೆವು. ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆದು, ಯಾರದು ಉದುರುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಬಿಳಿ ಮಚ್ಚೆಯ ಆ ಒಂದು ಬೇರೆ ದಳವನ್ನು ಹುಳಿಯೆಂದು ತಿನ್ನುತ್ತಿದ್ದೆವು. ನಾವು ಉಗುರು ಮಾಡಿಕೊಂಡದ್ದು ಪುಷ್ಪಪತ್ರ, ವಿಜ್ಞಾನಿ ಉಗುರು ಕಂಡದ್ದು ದಳದ ಬುಡದಲ್ಲಿ. ಆದರೂ ಇಬ್ಬರೂ ಹೂವನ್ನು ಬಿಡಿಸಿ ನೋಡಿದ್ದರು. ನನ್ನ ಪದ್ಯ ಬಿಡಿಸಿರಲಿಲ್ಲ.

ಇದನ್ನು ಕನ್ನಡದಲ್ಲಿ ಚೆನ್ನಾಗಿ ಬಲ್ಲವರು ಬಿ.ಜಿ.ಎಲ್. ಸ್ವಾಮಿ. 1976ರ 'ಹಸುರು ಹೊನ್ನು' ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಮೇಷ್ಟರ ಪುಸ್ತಕ; 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ಗಿಡವನ್ನು ಗುರುತಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ, ಹರಟೆ ಅಲ್ಲಿಂದ ಶುರುವಾಗುತ್ತದೆ. ಲ್ಯಾಟಿನ್ ಹೆಸರು, ಊರಿನವರ ಹೆಸರು, ಹಳೆಯ ಕಾವ್ಯ, ಹುಡುಗರ ತಮಾಷೆ ಎಲ್ಲ ಒಂದೇ ಪುಟಕ್ಕೆ ಬರುತ್ತವೆ. ಚಿತ್ರಗಳನ್ನೂ ಅವರೇ ಬರೆದರು. ಕೈಯಿಂದ ಬರೆಯಬೇಕಾದವನು ಗಿಡದ ಪ್ರತಿ ಭಾಗವನ್ನೂ ನೋಡಲೇಬೇಕು. ಪರದೇಶದ ಗಿಡಕ್ಕೆ ನಮ್ಮ ನೆನಪಿನಲ್ಲೇನು ಕೆಲಸ ಎನ್ನುವವರಿಗೂ ಸ್ವಾಮಿಯವರಲ್ಲಿ ಉತ್ತರವಿದೆ. ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಓದಿದವರು ಮೆಣಸಿನಕಾಯಿಯನ್ನು ಪರಕೀಯ ಅನ್ನಲಾರರು.

ಹೆಸರು ಸರಿಯಾಗಿ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಬಂಡೆಯಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳನ್ನಷ್ಟೇ ಹೇಳುತ್ತಿದ್ದವು. ಬಿರುದಿನ ಹಿಂದಿದ್ದ ಮನುಷ್ಯ ಯಾರೆಂಬುದು ಮಸ್ಕಿಯಿಂದ ಗಟ್ಟಿಯಾಯಿತು. ನನ್ನ ಪದ್ಯದ ಗುಲ್‌ಮೊಹರ್ ಕೂಡ ಅಂಥದೊಂದು ಬಿರುದೇ ಆಗಿತ್ತು.

ಹೋದ ವರ್ಷ ಅದನ್ನು ತಿದ್ದಿ ಬರೆದೆ. ಗೆಳತಿ ಹೋದಳು, ಕತ್ತಿಕಾಯಿ ಬಂತು, ಹಣೆಯ ಗಾಯ ಬಂತು. ಅವ್ವನಿಗೆ ಮತ್ತೆ ಓದಿ ಹೇಳಿದೆ. "ಈಗ ಗಿಡ ಗೊತ್ತಾತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೊಡದ ಹುಡುಗ ಈಗ ಎಲ್ಲಿದಾನ?" ಎಂದು ಕೇಳಿದಳು.

ಅವನು ಏಳನೇ ತರಗತಿಗೆ ಶಾಲೆ ಬಿಟ್ಟು, ಅಪ್ಪ-ಅವ್ವನ ಜೊತೆ ದುಡಿಯಲು ಬೆಂಗಳೂರಿಗೆ ಹೋದವನು. ಮೊದಲ ಪದ್ಯದಲ್ಲಿ, ಇಲ್ಲದ ಗೆಳತಿಯನ್ನು ಕೂರಿಸಿದ್ದ ಜಾಗ ಅವನದಾಗಿತ್ತು.