ಠುಸ್ ಎಂದ ಈಡು

ಪಿಸ್ತೂಲಿನ ಬಾಳಿಕೆಯ ಮಾತು ಬಂದರೆ ಬಂದೂಕಿನ ಹುಚ್ಚಿರುವವರು 1911ರ ಮಾರ್ಚ್ ತಿಂಗಳ ಪರೀಕ್ಷೆಯನ್ನು ಎತ್ತದೆ ಬಿಡುವುದಿಲ್ಲ. ಅಮೆರಿಕದ ಸೇನೆ ಕೋಲ್ಟ್ ಮತ್ತು ಸ್ಯಾವೇಜ್ ಪಿಸ್ತೂಲುಗಳಿಂದ ತಲಾ 6,000 ಗುಂಡು ಹಾರಿಸಿತು. ಕೈ ಸುಡುವಷ್ಟು ಕಾದಾಗ ನೀರಿಗೆ ಅದ್ದಿ ಮತ್ತೆ ಹೊಡೆದರು. ಸ್ಯಾವೇಜ್ 37 ಸಲ ಕೈಕೊಟ್ಟಿತು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಒಮ್ಮೆಯೂ ಇಲ್ಲ. ಕಥೆ ನನಗೂ ಇಷ್ಟ. ಆದರೆ ಅದೇ ಕೋಲ್ಟನ್ನು ಒಂದೇ ಒಂದು ಬಡಕಲು ತೋಟಾ ಹಾಳುಮಾಡಬಲ್ಲದು.

ತೋಟಾದೊಳಗೆ ಮದ್ದು ಬಿದ್ದೇ ಇಲ್ಲ, ಇಲ್ಲವೇ ಎಣ್ಣೆ ಕುಡಿದು ಸತ್ತಿದೆ ಎನ್ನಿ. ಪ್ರೈಮರಿನ ಕಿಡಿಯೊಂದೇ ಗುಂಡನ್ನು ಕಿತ್ತು ನಳಿಕೆಗೆ ತಳ್ಳುತ್ತದೆ, ಆಚೆ ದಾಟಿಸಲಾರದು. ದೀಪಾವಳಿಯ ಠುಸ್ ಪಟಾಕಿಯಂಥ ಸದ್ದು, ಕೈಗೆ ಒದೆತವೇ ಇಲ್ಲ. ಆಗ ನಿಲ್ಲಿಸದೆ ಇನ್ನೊಂದು ಈಡು ಹೊಡೆದರೆ ಹಿಂದಿನಿಂದ ಬಂದ ಗುಂಡು ಸಿಕ್ಕಿಕೊಂಡದ್ದಕ್ಕೆ ಬಡಿದು, ಉಕ್ಕು ಅದೇ ಜಾಗದಲ್ಲಿ ಹೊರಕ್ಕೆ ಉಬ್ಬುತ್ತದೆ. ಒಳಗೆ ಇಣುಕಿದರೆ ಕಪ್ಪು ಬಳೆಯಂಥ ಗುರುತು. .45 ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್, 9 ಎಂಎಂಗೆ 35,000. ಒಳ್ಳೆಯ ನಳಿಕೆ ಅದಕ್ಕಿಂತ ಹೆಚ್ಚನ್ನೇ ತಾಳುತ್ತದೆ. ದಾರಿಗೆ ಅಡ್ಡ ಬಿದ್ದ ಗುಂಡಿನೆದುರು ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಪಿಸ್ತೂಲಿನಲ್ಲಿ ಒಂದು ಪುಣ್ಯವಿದೆ. ಬಲವಿಲ್ಲದ ಈಡಿಗೆ ಸ್ಲೈಡ್ ಹಿಂದೆ ಸರಿಯುವುದಿಲ್ಲ, ಹಾಗಾಗಿ ಮುಂದಿನ ತೋಟಾ ತಾನಾಗಿ ಏರುವುದಿಲ್ಲ. ಈ ಪುಣ್ಯವನ್ನು ಕಳೆಯುವವರು ಹೆಚ್ಚಾಗಿ ಚುರುಕು ಕೈಯವರೇ: ಪಿಸ್ತೂಲು ತಡವರಿಸಿದೊಡನೆ ಮ್ಯಾಗಜೀನ್ ತಟ್ಟಿ ಸ್ಲೈಡ್ ಎಳೆಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ. ರಿವಾಲ್ವರಿಗೆ ಆ ತಡೆಯೂ ಇಲ್ಲ. ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಹೊಸ ತೋಟಾ ಎದುರಿಗೆ. ಕೊಯ್ದು ನೋಡಿದ ರಿವಾಲ್ವರ್ ನಳಿಕೆಗಳಲ್ಲಿ ನಾಲ್ಕೈದು ಗುಂಡುಗಳು ಒಂದರ ಬೆನ್ನಿಗೊಂದು ಅಂಟಿ ಕೂತದ್ದುಂಟು. ಸಿಲಿಂಡರಿಗೂ ನಳಿಕೆಗೂ ನಡುವೆ ಇರುವ ಕೂದಲೆಳೆಯ ಸಂದಿನಲ್ಲಿ ಅನಿಲ ಸ್ವಲ್ಪ ಸೋರಿಹೋಗುತ್ತದೆ, ಅಷ್ಟೇ ಸಮಾಧಾನ. ಗುಂಡು ಆ ಸಂದಿನಲ್ಲೇ ಅರ್ಧ ಸಿಕ್ಕಿಕೊಂಡು ಸಿಲಿಂಡರ್ ತಿರುಗದಂತಾದರೆ ಹೊಡೆಯುವವನು ಬೈದುಕೊಳ್ಳುತ್ತಾನೆ. ಕೈ ಮುಗಿಯಬೇಕಾದ್ದು ಅದಕ್ಕೇ.

ಹೀಗಾಗಿ ಬಾಳಿಕೆಯನ್ನು ನಾನು ಅಳೆಯುವುದು ಕೆಟ್ಟ ಮೇಲೆ ಏನಾಗುತ್ತದೆ ಎಂಬುದರಿಂದ. ಕೋಲ್ಟ್ ಆಗಲಿ ಗ್ಲಾಕ್ ಆಗಲಿ, ಬಿಚ್ಚಿದರೆ ನಳಿಕೆ ಕೈಗೆ ಬರುತ್ತದೆ, ಹೊಸದು ಹಾಕಬಹುದು. ವಾಲ್ಥರ್ ಪಿಪಿಕೆಯದು ಚೌಕಟ್ಟಿಗೇ ಬಿಗಿದು ಪಿನ್ ಹೊಡೆದದ್ದು. ರಿವಾಲ್ವರಿನದನ್ನು ಬದಲಿಸಲು ನುರಿತ ಕೈ ಬೇಕು.

ನಮ್ಮಲ್ಲಿ ಕಾನ್ಪುರದ .32 ರಿವಾಲ್ವರ್ ಇಟ್ಟುಕೊಂಡವರಿಗೆ ಇದು ಹೆಚ್ಚು ತಟ್ಟುತ್ತದೆ. ಲೈಸೆನ್ಸಿನ ಮೇಲೆ ಸಿಗುವ ತೋಟಾಕ್ಕೆ ಮಿತಿಯಿದೆಯೆಂದು ಹಳೆಯದನ್ನು ವರ್ಷಗಟ್ಟಲೆ ಎಣ್ಣೆ ಹಚ್ಚಿದ ಸಿಲಿಂಡರಿನಲ್ಲೇ ಬಿಡುತ್ತಾರೆ. ಪೆಟ್ಟಿಗೆಯಲ್ಲಿ ಒಂದು ಹಿತ್ತಾಳೆ ಸಲಾಕೆ ಇರಲಿ. ಸದ್ದು ಸಪ್ಪಗಾದರೆ ತೋಟಾಗಳನ್ನೆಲ್ಲ ತೆಗೆದು, ಸಲಾಕೆ ಇಳಿಸಿ ನಳಿಕೆ ನೋಡಿ. ಸಿಕ್ಕಿಬಿದ್ದ ಗುಂಡನ್ನು ಇನ್ನೊಂದು ಗುಂಡಿನಿಂದ ದೂಡಲು ಹೊರಟವರ ಪಕ್ಕದಲ್ಲಿ ನಾನಂತೂ ನಿಲ್ಲುವುದಿಲ್ಲ.