ಕೇ ನೀಲ್ಸನ್ನರ ರೇಖಾವಿಲಾಸ

ತಂದೆ ರಂಗಮಂದಿರದ ನಿರ್ದೇಶಕರೂ ತಾಯಿ ಓದಾ ಹೆಸರಾಂತ ನಟಿಯೂ ಆಗಿದ್ದ ಮನೆಯಲ್ಲಿ, 1886ರಲ್ಲಿ ಕೋಪನ್‌ಹೇಗನ್ನಿನಲ್ಲಿ ಜನಿಸಿ, ಪ್ಯಾರಿಸಿನಲ್ಲಿ ಚಿತ್ರವಿದ್ಯೆಯನ್ನು ಅಭ್ಯಸಿಸಿದ ಗ್ರಂಥಚಿತ್ರಕಾರ ಕೇ ನೀಲ್ಸನ್ನರ ಪುಟಗಳ ಮುಂದೆ, ತೆರೆ ಈಗತಾನೆ ಮೇಲೆದ್ದ ರಂಗಸ್ಥಳವನ್ನು ಕಂಡಂತಹ ಭಾವವುಂಟಾಗುವುದು ಸಹಜವೇ ಸರಿ.

1914ರಲ್ಲಿ ಪ್ರಕಟವಾದ ನಾರ್ವೆಯ ಜನಪದ ಕಥೆಗಳ ಗ್ರಂಥ ‘ಸೂರ್ಯನಿಂದ ಪೂರ್ವಕ್ಕೆ, ಚಂದ್ರನಿಂದ ಪಶ್ಚಿಮಕ್ಕೆ’. ಅದರ 25 ವರ್ಣಚಿತ್ರಗಳಲ್ಲಿ ಒಂದನ್ನು ನೋಡಿರಿ. ಕಥೆಯ ಅರಮನೆಯೂ ರಾಜಕುಮಾರನೂ ಅಂತರ್ಧಾನರಾದ ಬಳಿಕ ಕಗ್ಗಾಡಿನ ನಡುವೆ ಹಸುರಿನ ಕಿರುಹಾಸೊಂದರ ಮೇಲೆ ಏಕಾಕಿನಿಯಾಗಿ ಮಲಗಿದ ಕನ್ಯೆಯ ಸುತ್ತ, ಮರದ ಕಾಂಡಗಳು ನೀಳವಾಗಿ, ನಿರ್ದಯವಾಗಿ ಮೇಲೇರಿವೆ; ಅಲ್ಲಿ ಮುಖದಲ್ಲಿ ಕಣ್ಣೀರನ್ನು ಬರೆಯುವ ಅಗತ್ಯವೇ ಇಲ್ಲ, ದುಃಖವನ್ನೆಲ್ಲ ಕನ್ಯೆಗೂ ಆ ಮರಗಳಿಗೂ ನಡುವಿನ ಅಂತರವೇ ನುಡಿಯುತ್ತದೆ. ಇಂಗ್ಲಿಷ್ ಚಿತ್ರಕಾರ ಬಿಯರ್ಡ್‌ಸ್ಲಿಯ ಛಾಯೆಯೂ ಜಪಾನೀ ಮುದ್ರಣಚಿತ್ರಗಳ ಸಂಸ್ಕಾರವೂ ಇಲ್ಲಿವೆಯೆಂಬುದು ನಿಜ. ಆದರೆ ಬಿಯರ್ಡ್‌ಸ್ಲಿಯಲ್ಲಿ ವಿಕಟಹಾಸ್ಯವಿರುವೆಡೆ ಇವರಲ್ಲಿರುವುದು, ನನ್ನ ಮಟ್ಟಿಗೆ, ಶೀತಲವಾದ ಕರುಣೆ.

1924ರಲ್ಲಿ ಆಂಡರ್ಸನ್ನನ ಕಥೆಗಳೂ, ಮರುವರ್ಷ ಗ್ರಿಮ್ ಸೋದರರ ಕಥೆಗಳೂ ಅವರ ಚಿತ್ರಗಳೊಡನೆ ಪ್ರಕಟವಾದವು. ಕೋಪನ್‌ಹೇಗನ್ನಿನಲ್ಲಿ ರಂಗವಿನ್ಯಾಸವನ್ನೂ ಮಾಡಿದರು. ಮುಂದೆ ಹಾಲಿವುಡ್ಡಿಗೆ ತೆರಳಿ, ಡಿಸ್ನಿಯ 1940ರ ಚಲನಚಿತ್ರ ‘ಫ್ಯಾಂಟೇಸಿಯಾ’ದ ‘ಬೋಳುಬೆಟ್ಟದ ಇರುಳು’ ಭಾಗಕ್ಕೆ ರೂಪ ಕೊಟ್ಟರೂ, ಅಭಿರುಚಿ ಬದಲಾಗಿದ್ದ ಕಾಲ ಅವರನ್ನು ಪೋಷಿಸಲಿಲ್ಲ; 1957ರಲ್ಲಿ ಬಡತನದಲ್ಲೇ ನಿಧನರಾದರು. ಡಿಸ್ನಿಗಾಗಿ ಅವರು ರಚಿಸಿದ್ದ ಮತ್ಸ್ಯಕನ್ಯೆಯ ಕರಡುಚಿತ್ರಗಳನ್ನು, ಅದೇ ಕಥೆಯ 1989ರ ಚಲನಚಿತ್ರಕ್ಕಾಗಿ ಕಲಾವಿದರು ಮತ್ತೆ ಹೊರತೆಗೆದರು.