ಸಿಗ್ನಲ್ಲಿನಲ್ಲಿ ಗಳಿಸಿ ಹೆದ್ದಾರಿಯಲ್ಲಿ ಕಳೆಯುವ ಕಾರು

ಲೀಟರಿಗೆ 27.97 ಕಿಲೋಮೀಟರ್. 2022ರಲ್ಲಿ ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಮಾರುಕಟ್ಟೆಗೆ ಬಂದಾಗ ಅದರ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಸಿಕ್ಕ ಪ್ರಮಾಣಿತ ಮೈಲೇಜ್ ಇದು. ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್ ಎಸ್‌ಯುವಿಯಿಂದ ಈ ಮಾತು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಟೊಯೋಟಾದ ಬಿಡದಿ ಕಾರ್ಖಾನೆಯಿಂದಲೇ ಹೊರಬಂದ ಇದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾದ ಅಂಕಿಯೂ ಅದೇ. ಆದರೆ ಟ್ಯಾಂಕ್ ಫುಲ್ ಮಾಡಿಸಿ ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿದವರಿಗೆ ಸಾಮಾನ್ಯವಾಗಿ ಸಿಗುವುದು 20ರಿಂದ 25. ಹಾಗಾದರೆ ಕಂಪನಿ ಸುಳ್ಳು ಹೇಳಿತೇ? ಇಲ್ಲ. ಆದರೆ ಹೇಳಬೇಕಾದದ್ದನ್ನು ಪೂರ್ತಿ ಹೇಳಲೂ ಇಲ್ಲ.

ಅಂಕಿ ಹುಟ್ಟುವ ಜಾಗವನ್ನು ಮೊದಲು ನೋಡೋಣ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐನಂಥ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಕಾರು ರೋಲರುಗಳ ಮೇಲೆ ನಿಂತಲ್ಲೇ ಓಡುತ್ತದೆ. ಭಾರತೀಯ ಪರೀಕ್ಷಾ ಚಕ್ರದ ಒಟ್ಟು ಅವಧಿ ಸುಮಾರು 20 ನಿಮಿಷ, ದೂರ ಹತ್ತೂವರೆ ಕಿಲೋಮೀಟರ್, ಗರಿಷ್ಠ ವೇಗ ಗಂಟೆಗೆ 90. ಎಸಿ ಬಂದ್. ಇದರ ನಗರ ಭಾಗದ ಸರಾಸರಿ ವೇಗ ಗಂಟೆಗೆ 19 ಕಿಲೋಮೀಟರ್ ಆಸುಪಾಸು. ಸಂಚಾರ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಲ್ಲಿ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿಲೋಮೀಟರ್ ಸಾಗಲು 28 ನಿಮಿಷ 10 ಸೆಕೆಂಡ್ ಬೇಕಿತ್ತು, ಅಂದರೆ ಗಂಟೆಗೆ 21. ವೇಗದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ‘ನಮ್ಮ ಟ್ರಾಫಿಕ್ಕಿನಲ್ಲಿ ಎಲ್ಲಿ ಸಿಗುತ್ತೆ ಬಿಡಿ’ ಎಂಬ ರೂಢಿಯ ಸಮಾಧಾನ ಅರ್ಧ ಮಾತ್ರ ನಿಜ.

ವ್ಯತ್ಯಾಸ ಇರುವುದು ಕಾಲಿನ ಒತ್ತಡದಲ್ಲಿ. ಆ ಪರೀಕ್ಷೆಯಲ್ಲಿ ನಿಂತ ಕಾರು 50 ಕಿಲೋಮೀಟರ್ ವೇಗ ಮುಟ್ಟಲು 26 ಸೆಕೆಂಡ್ ತೆಗೆದುಕೊಳ್ಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಸಿರು ದೀಪ ಬಿದ್ದ ಮೇಲೆ ಯಾರಾದರೂ ಅಷ್ಟು ನಿಧಾನವಾಗಿ ಹೊರಟರೆ ಹಿಂದಿನವರ ಹಾರ್ನ್ ಅವರನ್ನು ಬದುಕಗೊಡುವುದಿಲ್ಲ. ಪ್ರಯೋಗಾಲಯದಲ್ಲಿ ಗುಂಡಿ ಇಲ್ಲ, ಹಂಪ್ ಇಲ್ಲ, ಅಡ್ಡ ನುಗ್ಗುವ ಆಟೋ ಇಲ್ಲ, ಏಪ್ರಿಲ್ ತಿಂಗಳ ಮಧ್ಯಾಹ್ನವೂ ಇಲ್ಲ.

ಇಷ್ಟೆಲ್ಲ ಹೇಳಿಯೂ ಹೈರೈಡರ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಬೇಕು. ಬೇರೆ ಕಾರುಗಳು ಎಲ್ಲಿ ಸೋಲುತ್ತವೋ ಅಲ್ಲೇ ಇದು ಗೆಲ್ಲುತ್ತದೆ. ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್, ಜೊತೆಗೆ ವಿದ್ಯುತ್ ಮೋಟರ್. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಪೂರ್ತಿ ಮಲಗುತ್ತದೆ, ಎಸಿಯ ಕಂಪ್ರೆಸರ್ ಮಾತ್ರ ಬ್ಯಾಟರಿಯಿಂದ ನಡೆಯುತ್ತಿರುತ್ತದೆ. ಮುಂದಿನ ಕಾರು ನಾಲ್ಕು ಮಾರು ಸರಿದರೆ ಇದೂ ಸದ್ದಿಲ್ಲದೆ ಮೋಟರಿನಲ್ಲೇ ಸರಿಯುತ್ತದೆ. ಬ್ರೇಕ್ ಒತ್ತಿದಾಗ ಶಾಖವಾಗಿ ಹೋಗಬೇಕಿದ್ದ ಶಕ್ತಿಯಲ್ಲಿ ಒಂದಿಷ್ಟು ಬ್ಯಾಟರಿಗೆ ವಾಪಸಾಗುತ್ತದೆ. ಪರದೆಯ ಮೇಲೆ ಬಾಣದ ಗುರುತುಗಳು ಎಂಜಿನ್, ಬ್ಯಾಟರಿ, ಚಕ್ರಗಳ ನಡುವೆ ದಿಕ್ಕು ಬದಲಿಸುವುದನ್ನು ಸ್ವಲ್ಪ ಹೊತ್ತು ಗಮನಿಸಿದರೆ ಸಾಕು, ಚಾಲಕ ತಾನಾಗಿಯೇ ಮೆತ್ತಗೆ ಓಡಿಸಲು ಕಲಿಯುತ್ತಾನೆ. ಬ್ಯಾಟರಿಯ ಗೆರೆಗಳು ತೀರ ಕೆಳಗಿಳಿದಾಗ ನಿಂತಲ್ಲೇ ಎಂಜಿನ್ ಎದ್ದು ಗುರುಗುಡುವುದುಂಟು. ಆ ಸದ್ದು ಕಿವಿಗೆ ಹಿತವಲ್ಲ.

ಇದೇ ಕಾರನ್ನು ಬೆಂಗಳೂರು-ಮೈಸೂರು ಹೆದ್ದಾರಿಗೆ ಹತ್ತಿಸಿ. ಅಲ್ಲಿ ವೇಗದ ಮಿತಿಯೇ 100, ಅಂದರೆ ಪರೀಕ್ಷೆಯ ಗರಿಷ್ಠಕ್ಕಿಂತ ಹೆಚ್ಚು. ಬ್ರೇಕ್ ಹಾಕುವುದು ಅಪರೂಪವಾದ್ದರಿಂದ ವಾಪಸು ಬರುವ ಶಕ್ತಿಯೂ ಅಪರೂಪ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗೂ ಮಿಕ್ಕುತ್ತದೆ. ಹೈಬ್ರಿಡ್ ಇಲ್ಲಿ ಹೆಚ್ಚುಕಡಿಮೆ ಮಾಮೂಲಿ ಪೆಟ್ರೋಲ್ ಕಾರು. ಎಲ್ಲ ಕಾರುಗಳೂ ಹೆದ್ದಾರಿಯಲ್ಲಿ ಹೆಚ್ಚು ಕೊಡುತ್ತವೆ ಎಂಬ ನಮ್ಮ ಹಳೆಯ ತಿಳಿವಳಿಕೆ ಇಲ್ಲಿ ತಲೆಕೆಳಗು. ಊರೊಳಗೆ ಉಳಿಸಿದ್ದನ್ನು ಊರ ಹೊರಗೆ ಕಳೆಯುವ ಗಾಡಿಗೆ ಒಂದೇ ಒಂದು ಅಂಕಿ ಅಂಟಿಸಿದ್ದೇ ಮೂಲ ದೋಷ.

ಇದರ ಮೇಲೆ ಇಂಧನದ ಪಾಲು ಬೇರೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2, ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಬಂಕಿನಲ್ಲಿ ದರ ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ.

ಇನ್ನು ಕಾಸಿನ ಪ್ರಶ್ನೆ. ಇದೇ ಕಾರಿನ, ಮೋಟರಿನಿಂದಷ್ಟೇ ಓಡಲಾಗದ ಮೈಲ್ಡ್ ಹೈಬ್ರಿಡ್ ಮಾದರಿಗಿಂತ ಸ್ಟ್ರಾಂಗ್ ಹೈಬ್ರಿಡ್‌ಗೆ ಮೂರು ಲಕ್ಷ ಹೆಚ್ಚು ಕೊಟ್ಟಿರಿ ಎಂದುಕೊಳ್ಳೋಣ. ತಿಂಗಳಿಗೆ ಸಾವಿರ ಕಿಲೋಮೀಟರ್, ಅಷ್ಟೂ ನಗರದೊಳಗೆ. ಮೈಲ್ಡ್ ಲೀಟರಿಗೆ 14 ಕೊಟ್ಟು ಸ್ಟ್ರಾಂಗ್ 22 ಕೊಟ್ಟರೆ ಉಳಿಯುವುದು 26 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ 2,600 ರೂಪಾಯಿ. ಹೂಡಿದ ಹಣ ಕೈಸೇರಲು ಒಂಬತ್ತೂವರೆ ವರ್ಷ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಐದು ವರ್ಷದೊಳಗೆ ಲೆಕ್ಕ ಚುಕ್ತಾ. ವಾರದ ದಿನ ಮೆಟ್ರೋ ಹಿಡಿದು, ಹಬ್ಬಕ್ಕೆ ಮಾತ್ರ ಹುಬ್ಬಳ್ಳಿಗೆ ಹೋಗಿ ಬರುವ ಸಂಸಾರಕ್ಕೆ ಇದು ಯಾವ ಕಾಲಕ್ಕೂ ಗಿಟ್ಟುವುದಿಲ್ಲ. ಬ್ಯಾಟರಿ ಕೂತು ಕಿರಿದಾದ ಡಿಕ್ಕಿಯಲ್ಲಿ ಅವರ ಲಗೇಜೂ ಹಿಡಿಯುವುದಿಲ್ಲ.

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ನಗರದ್ದೊಂದು, ಹೆದ್ದಾರಿಯದ್ದೊಂದು ಅಂಕಿ ಇರುತ್ತದೆ. 2008ರ ಮಾದರಿಗಳಿಂದ ಎಸಿಯ ಖರ್ಚೂ ಆ ಲೆಕ್ಕದಲ್ಲಿ ಸೇರಿದೆ. ಇಂಥ ಎರಡು ಅಂಕಿ ಇಲ್ಲಿಯೂ ಇದ್ದಿದ್ದರೆ ಹೈರೈಡರ್ ಮಾರುವವರಿಗೆ ನಷ್ಟವೇನೂ ಆಗುತ್ತಿರಲಿಲ್ಲ. ದಿನಾ ಟ್ರಾಫಿಕ್ಕಿನಲ್ಲಿ ಸವೆಯುವವರು ಇದನ್ನು ಇನ್ನಷ್ಟು ಧೈರ್ಯದಿಂದ ಕೊಳ್ಳುತ್ತಿದ್ದರು, ಹೆದ್ದಾರಿಯವರು ಕೊಂಡು ಬೈಯುತ್ತಿರಲಿಲ್ಲ. ಅಲ್ಲಿಯವರೆಗೆ ಶೋರೂಮಿನಲ್ಲಿ ‘ಎಷ್ಟು ಕೊಡುತ್ತೆ?’ ಎಂದು ಕೇಳುವವರು ‘ಯಾವ ರಸ್ತೆಯಲ್ಲಿ?’ ಎಂಬುದನ್ನೂ ಸೇರಿಸಿ ಕೇಳಬೇಕು. ಬೆಂಗಳೂರಿನ ರಸ್ತೆಯಲ್ಲಿ ಎಂದಾದರೆ, 27.97 ಕೊಡದಿದ್ದರೂ, ಈ ಅಳತೆಯ ಪೆಟ್ರೋಲ್ ಕಾರುಗಳಲ್ಲಿ ಇದಕ್ಕೆ ಸಾಟಿಯಾಗುವವು ಬೆರಳೆಣಿಕೆಯಷ್ಟೇ.